ನೋಡಿದ್ದಕ್ಕೂ ದುಡ್ಡು ಕೊಡಿ

ಇವತ್ತು ಸೊಪ್ಪಿನ ವಿಚಾರ ಅಲ್ಲ, ಗಾಡಿ ವಿಚಾರ. ಸ್ವಲ್ಪ ಉದ್ದ ಇದೆ. ಹಳೇ ಡೀಸೆಲ್ ಕಾರಲ್ಲೇ ಸೊಪ್ಪು, ಹಿಂಡಿ ಮೂಟೆ, ಮನೆ ಜನ ಎಲ್ಲಾ ಸಾಗಿಸೋರು ಪೂರ್ತಿ ಓದಿ.

ನಮ್ಮ ಮನೆ ಅಲ್ಲಾಳಸಂದ್ರ, ಇರೋ ಒಂದೂವರೆ ಎಕರೆ ರಾಜಾನುಕುಂಟೆ ಕಡೆ. ದಿನಾ ಓಡಾಡೋಕೆ ಒಂದು ಹಳೇ ಡೀಸೆಲ್ ಕಾರು, ಕಾಮನ್ ರೈಲ್ ಇಂಜಿನ್ನು. ಒಂದು ವರ್ಷದಿಂದ ಅದಕ್ಕೆ ಕೆಟ್ಟ ಚಾಳಿ. ಬೆಳಗಿನ ಜಾವ 5 ಗಂಟೆಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ. ಯಲಹಂಕದಲ್ಲಿ ಸೊಪ್ಪು ಇಳಿಸಿ ಹತ್ತು ನಿಮಿಷಕ್ಕೆ ಕೀ ತಿರುಗಿಸಿದ್ರೆ ಸೆಲ್ಫ್ ಚೆನ್ನಾಗೇ ತಿರುಗುತ್ತೆ, ಇಂಜಿನ್ ಹಿಡಿಯಲ್ಲ. ಅರ್ಧ ಗಂಟೆ ಬಿಟ್ರೆ ಏನೂ ಆಗೇ ಇಲ್ಲ ಅನ್ನೋ ಹಂಗೆ ಸ್ಟಾರ್ಟ್. ಆಫ್ ಮಾಡೋಕೆ ಹೆದರಿ ಇಂಜಿನ್ ಓಡ್ತಿರೋವಾಗಲೇ ಸೊಪ್ಪು ಇಳಿಸ್ತಿದ್ದೆ. ಡೀಸೆಲ್ ದುಡ್ಡು ಹಂಗೇ ಹೊಗೆ ಆಯ್ತು.

ಒಂದು ದಿನ ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗುವಾಗ ಬಳ್ಳಾರಿ ರಸ್ತೇಲಿ, ಜಿಕೆವಿಕೆ ಹತ್ರ ಟ್ರಾಫಿಕ್‌ನಲ್ಲಿ ಗಾಡಿ ಆಫ್ ಆಯ್ತು. ಹಿಂದೆ ಏರ್‌ಪೋರ್ಟ್ ಕಾರುಗಳ ಹಾರನ್ನು. ಅಮ್ಮ "ನನ್ನ ಒಂದು ಆಟೋ ಹತ್ತಿಸಿಬಿಡಪ್ಪಾ" ಅಂದ್ರು. ಆ ಮಾತು ನನಗೆ ಚೆನ್ನಾಗೇ ನಾಟಿತು.

ಅಷ್ಟರಲ್ಲಿ ನಾನು ಮೂರು ಕಡೆ ತೋರಿಸಿದ್ದೆ. ಒಬ್ಬರು ಬ್ಯಾಟರಿ ಬದಲಾಯಿಸಿದ್ರು. ಇನ್ನೊಬ್ಬರು ಗ್ಲೋ ಪ್ಲಗ್. ಮೂರನೆಯವರು ನಾಲ್ಕು ಇಂಜೆಕ್ಟರ್ ಜೊತೆಗೆ ಹೈ ಪ್ರೆಶರ್ ಪಂಪು, 70 ಸಾವಿರ ಅಂದ್ರು. ಗ್ಲೋ ಪ್ಲಗ್ ಇರೋದೇ ತಣ್ಣಗಿರೋ ಇಂಜಿನ್ ಬಿಸಿ ಮಾಡೋಕೆ. ಬಿಸಿ ಆದ್ಮೇಲೆ ಬರೋ ಕಾಯಿಲೆಗೆ ಅದ್ಯಾಕೆ ಅಂತ ನಾನಾದ್ರೂ ಕೇಳಬೇಕಿತ್ತು. ಕೇಳಲಿಲ್ಲ. ಸಂಜೆ ಗಾಡಿ ಬಿಟ್ಟು ಬರ್ತಿದ್ದೆ, ಅವರು ಬೆಳಗ್ಗೆ ನೋಡ್ತಿದ್ರು. ತಣ್ಣಗಿದ್ದಾಗ ಕಾಯಿಲೆ ಎಲ್ಲಿ ಕಾಣುತ್ತೆ?

ನಾಲ್ಕನೆಯವರು ಹಳೇ ಪಂಪ್ ಮೆಕ್ಯಾನಿಕ್. "ಬಿಸಿ ಇದ್ದಾಗಲೇ ತಗೊಂಡು ಬನ್ನಿ ಯಜಮಾನ್ರೆ. ನೋಡೋಕೆ ಒಂದು ಸಾವಿರ ಆಗುತ್ತೆ, ರಿಪೇರಿ ಮಾಡಿಸಲಿ ಬಿಡಲಿ" ಅಂದ್ರು. ನನಗೆ ಸಿಟ್ಟೇ ಬಂತು. ಬರೀ ನೋಡೋಕೆ ಸಾವಿರಾನಾ ಅಂತ. ಆದ್ರೂ ಹೋದೆ.

ಅವರು ಮಾಡಿದ್ದು ಇಷ್ಟು. ಮೊದಲು ಸೆಲ್ಫ್ ಹೊಡೆದು ಕಿವಿಗೊಟ್ಟು ಕೇಳಿದ್ರು. ನಿಧಾನ ತಿರುಗಿದ್ರೆ ಬ್ಯಾಟರಿ, ಅರ್ತ್ ವೈರು ಇಲ್ಲಾ ಸೆಲ್ಫ್ ಮೋಟ್ರು. ನಮ್ಮದು ಜೋರಾಗೇ ತಿರುಗ್ತಿತ್ತು. ಆಮೇಲೆ ಸ್ಕ್ಯಾನರ್ ಹಾಕಿ ಆರ್‌ಪಿಎಂ ನೋಡಿದ್ರು. ಇಂಜಿನ್ ತಿರುಗ್ತಾ ಇದ್ರೂ ಆರ್‌ಪಿಎಂ ಸೊನ್ನೆ ತೋರಿಸಿದ್ರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಅದೂ ಬಿಸಿಗೆ ಕೈಕೊಡೋ ಸಾಮಾನೇ. ನಮ್ಮದರಲ್ಲಿ ಆರ್‌ಪಿಎಂ ಬರ್ತಿತ್ತು. ಫಿಲ್ಟರ್ ಪೈಪಲ್ಲಿ ಗಾಳಿ ಗುಳ್ಳೆ ಇದೆಯಾ ನೋಡಿದ್ರು, ಇರಲಿಲ್ಲ. ಕೊನೆಗೆ ರೈಲ್ ಪ್ರೆಶರ್. ಸ್ಟಾರ್ಟ್ ಆಗೋಕೆ ಸುಮಾರು 200 ಬಾರ್ ಆದ್ರೂ ಬೇಕು, ಅದಕ್ಕಿಂತ ಕಮ್ಮಿ ಇದ್ರೆ ಕಂಪ್ಯೂಟರ್ರು ಡೀಸೆಲ್ ಹೊಡೆಯೋಕೆ ಬಿಡಲ್ಲ. ನಮ್ಮದು ಅಲ್ಲಿಗೆ ಮುಟ್ಟಲೇ ಇಲ್ಲ.

ಕಾರಣ ಸರಳ. ಬಿಸಿ ಆದ್ರೆ ಡೀಸೆಲ್ ತೆಳು ಆಗುತ್ತೆ. ಸವೆದ ಇಂಜೆಕ್ಟರ್ ಒಳಗೆ ತೆಳು ಡೀಸೆಲ್ ನುಸುಳಿ ರಿಟರ್ನ್ ಪೈಪಲ್ಲಿ ಟ್ಯಾಂಕಿಗೆ ವಾಪಸ್ ಹೋಗುತ್ತೆ. ಸೆಲ್ಫ್ ತಿರುಗಿಸೋ ವೇಗಕ್ಕೆ ಪಂಪು ಆ ಸೋರಿಕೆ ತುಂಬಿ ಪ್ರೆಶರ್ ಏರಿಸಲಾರದು. ತಣ್ಣಗಾದ್ರೆ ಡೀಸೆಲ್ ಗಟ್ಟಿ ಆಗಿ ಸೋರಿಕೆ ಕಮ್ಮಿ, ಅದಕ್ಕೇ ಅರ್ಧ ಗಂಟೆ ಬಿಟ್ರೆ ಸ್ಟಾರ್ಟ್. ಆಗ ನಾಲ್ಕು ಇಂಜೆಕ್ಟರ್ ರಿಟರ್ನ್ ಪೈಪಿಗೂ ಒಂದೊಂದು ಬಾಟಲಿ ಕಟ್ಟಿದ್ರು. ಮೂರರಲ್ಲಿ ತಳಕ್ಕೆ ಒಂದು ಬೆರಳಷ್ಟು ಡೀಸೆಲ್, ಒಂದು ಬಾಟಲಿ ಅರ್ಧ ತುಂಬಿತ್ತು.

ನನಗೆ ನಗು ಬಂತು. ಹಸುಗೆ ಕೆಚ್ಚಲು ಬಾವು ಅನುಮಾನ ಬಂದ್ರೆ ನಾವೂ ಇದನ್ನೇ ಅಲ್ವಾ ಮಾಡೋದು? ನಾಲ್ಕು ಮೊಲೆ ಹಾಲನ್ನೂ ಬೇರೆ ಬೇರೆ ಹಿಂಡಿ ನೋಡ್ತೀವಿ. ಕೆಟ್ಟಿರೋದು ಒಂದು ಮೊಲೆ ಅಂದ್ರೆ ಹಸು ಮಾರಲ್ಲ.

ಒಂದೇ ಇಂಜೆಕ್ಟರ್ ಬದಲಾಯಿಸಿದ್ರು, ಅದರ ಮೇಲಿದ್ದ ಕೋಡನ್ನ ಸ್ಕ್ಯಾನರ್‌ನಿಂದ ಕಂಪ್ಯೂಟರಿಗೆ ಹಾಕಿದ್ರು. ನೋಡಿದ ಸಾವಿರಾನೂ ಸೇರಿ 14 ಸಾವಿರ ಆಯ್ತು. ಮೂರು ತಿಂಗಳಾಯ್ತು, ಬಿಸಿ ಇದ್ರೂ ಒಂದೇ ಸೆಲ್ಫ್. ಉಳಿದ ಮೂರೂ ನಾಳೆ ಸವೆಯಬಹುದು, ಇಲ್ಲ ಅನ್ನಲ್ಲ. ಸವೆದಾಗ ಮತ್ತೆ ಬಾಟಲಿ ಕಟ್ಟೋಣ.

ಹಳೇ ರೋಟರಿ ಪಂಪಿನ ಗಾಡಿಗಳಿಗೂ ಇದೇ ಕಾಯಿಲೆ ಬರ್ತಿತ್ತು. ಪಂಪ್ ಮೇಲೆ ಒದ್ದೆ ಬಟ್ಟೆ ಸುತ್ತಿ, ತಣ್ಣಗಾದ ಮೇಲೆ ಸ್ಟಾರ್ಟ್ ಆದ್ರೆ ಪಂಪ್ ಸವೆದಿದೆ ಅಂತ ಅರ್ಥ. ಬೆಂಗಳೂರಲ್ಲಿ ಇದು ಹೊಸ ವಿದ್ಯೆ ಅಲ್ಲ. 1951ರಲ್ಲೇ ಶುರುವಾದ ಮೈಕೋ ಡೀಸೆಲ್ ಪಂಪು ಮಾಡ್ತಿದ್ದ ಊರು ಇದು. 2008ರಲ್ಲಿ ಅದರ ಹೆಸರು ಬಾಷ್ ಅಂತ ಆಯ್ತು, ಆದ್ರೆ ಆಡುಗೋಡಿ ಕಡೆ ಹೋದ್ರೆ ಹಳಬರ ಬಾಯಲ್ಲಿ ಈಗಲೂ ಮೈಕೋನೇ. ವಿದ್ಯೆಗೆ ಬರ ಇಲ್ಲ ಅನ್ನೋದೇ ನನ್ನ ಮಾತು.

ಬರ ಇರೋದು ನಮ್ಮ ಬುದ್ಧಿಗೆ. ಡಾಕ್ಟ್ರು ಹಸು ನೋಡಿ "ಏನೂ ಬೇಡ, ಎರಡು ದಿನ ಬಿಡಿ" ಅಂದ್ರೆ ದುಡ್ಡು ಕೊಡೋಕೆ ಕೈ ಬರಲ್ಲ. ಸೂಜಿ ಚುಚ್ಚಿದ್ರೆ ಕೊಡ್ತೀವಿ. ಮೆಕ್ಯಾನಿಕ್ ಎರಡು ಗಂಟೆ ಬಗ್ಗಿ ನೋಡಿ "ಒಂದು ಪೈಪ್ ಕ್ಲಿಪ್ ಅಷ್ಟೇ" ಅಂದ್ರೆ ಐವತ್ತು ರೂಪಾಯಿ ಕೊಟ್ಟು ಹೊರಡ್ತೀವಿ. ಅವನ ಮನೆ ನಡೀಬೇಡ್ವಾ? ಸಾಮಾನು ಬದಲಾಯಿಸಿದ್ರೆ ಮಾತ್ರ ದುಡ್ಡು ಅಂತ ನಾವೇ ಕಲಿಸಿದೀವಿ, ಅವನು ಸಾಮಾನು ಬದಲಾಯಿಸ್ತಾನೆ. ಸಾವಿರ ಉಳಿಸೋಕೆ ಹೋಗಿ ನಾನು ಬ್ಯಾಟರಿಗೂ ಪ್ಲಗ್ಗಿಗೂ ಒಂಬತ್ತು ಸಾವಿರ ಕಳ್ಕೊಂಡೆ.

ಅದಕ್ಕೇ ಹೇಳೋದು, ಬಿಸಿ ಕಾಯಿಲೆಯ ಗಾಡೀನ ಬಿಸಿ ಇದ್ದಾಗಲೇ ತೋರಿಸಿ. ನೋಡೋ ಕೂಲಿ ಎಷ್ಟು ಅಂತ ಮೊದಲೇ ಕೇಳಿ, ಸಂತೋಷವಾಗಿ ಕೊಡಿ. ಬದಲಾಯಿಸೋಕೆ ಮುಂಚೆ "ಏನು ಪರೀಕ್ಷೆ ಮಾಡಿದ್ರಿ, ತೋರಿಸಿ" ಅನ್ನಿ. ಒಂದು ಎಚ್ಚರ, ನೀವಾಗೇ ಹೈ ಪ್ರೆಶರ್ ಪೈಪಿನ ನಟ್ಟು ಬಿಚ್ಚೋಕೆ ಹೋಗಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಬೆರಳೇ ಹೋದೀತು.

ಮೊನ್ನೆ ಅಮ್ಮನ್ನ ಮತ್ತೆ ಆಸ್ಪತ್ರೆಗೆ ಕರ್ಕೊಂಡು ಹೋದೆ. ದಾರೀಲಿ ಮೆಡಿಕಲ್ ಸ್ಟೋರ್ ಹತ್ರ ಇಂಜಿನ್ ಆಫ್ ಮಾಡಿದ ತಕ್ಷಣ "ಯಾಕಪ್ಪಾ ಆಫ್ ಮಾಡಿದೆ" ಅಂತ ಗಾಬರಿ ಆದ್ರು. ಮಾತ್ರೆ ತಗೊಂಡು ಬಂದು ಕೀ ತಿರುಗಿಸಿದೆ. ಸ್ಟಾರ್ಟ್ ಆಯ್ತು. ಅವರು ಏನೂ ಅನ್ನಲಿಲ್ಲ, ಸೀಟಿಗೆ ಒರಗಿ ಕೂತ್ಕೊಂಡ್ರು.