ಮಹಾಸಾಗರಯಾನಕ್ಕೆ ತಕ್ಕ ಹಾಯಿದೋಣಿ ಯಾವುದು?

ದೈತ್ಯಾಕಾರದ ಯಂತ್ರನೌಕೆಗಳು ಸಂಚರಿಸುವ ಈ ಕಾಲದಲ್ಲಿಯೂ ಗಾಳಿಯೊಂದನ್ನೇ ನಂಬಿ, ಸಣ್ಣ ಹಾಯಿದೋಣಿಯಲ್ಲಿ ಮಹಾಸಾಗರಗಳನ್ನು ದಾಟುವ ಸಾಹಸಿಗಳುಂಟು. ಅಂಥವರ ದೋಣಿ ಹೇಗಿರಬೇಕೆಂಬ ವಿಷಯದಲ್ಲಿ ನಾವಿಕರಲ್ಲಿಯೂ ನೌಕಾಶಿಲ್ಪಿಗಳಲ್ಲಿಯೂ ಬಹುಕಾಲದಿಂದ ಮತಭೇದವಿದೆ. ಇದು ಅಭಿರುಚಿಗೆ ಬಿಟ್ಟ ಮಾತೆಂದು ತಳ್ಳಿಹಾಕುವಂತಿಲ್ಲ. ದಡದಿಂದ ಸಾವಿರ ಮೈಲಿ ದೂರದಲ್ಲಿ ಬಿರುಗಾಳಿ ಎದ್ದಾಗ, ದೋಣಿಯನ್ನು ಆರಿಸಿಕೊಂಡವನ ಪ್ರಾಣವೇ ಆ ಆಯ್ಕೆಯ ಮೇಲೆ ನಿಂತಿರುತ್ತದೆ. ಆದುದರಿಂದ ಉಭಯ ಪಕ್ಷಗಳ ವಾದವನ್ನೂ ತೂಗಿ ನೋಡುವುದು ಯುಕ್ತ.

ಮೊದಲನೆಯ ಪಕ್ಷದವರು ಭಾರವಾದ, ಗಟ್ಟಿಮುಟ್ಟಾದ ದೋಣಿಯೇ ಲೇಸೆನ್ನುತ್ತಾರೆ. ದೋಣಿಯ ಅಡಿಯಲ್ಲಿ ಬೆನ್ನೆಲುಬಿನಂತೆ ಚಾಚಿಕೊಂಡಿರುವ ಭಾಗಕ್ಕೆ ಕೀಲ್ ಎಂದು ಹೆಸರು. ಇದು ಉದ್ದವಾಗಿದ್ದರೆ ದೋಣಿಯು ಹಿಡಿದ ದಾರಿಯನ್ನು ಸುಲಭವಾಗಿ ಬಿಡುವುದಿಲ್ಲ. ಒಂಟಿ ನಾವಿಕನಿಗೆ ಚುಕ್ಕಾಣಿಯನ್ನು ಬಿಟ್ಟು ನಿದ್ರಿಸಲೂ ಅಡುಗೆ ಮಾಡಿಕೊಳ್ಳಲೂ ಅವಕಾಶ ದೊರೆಯುತ್ತದೆ. ಅಡಿಯಲ್ಲಿರುವ ಸೀಸ ಅಥವಾ ಕಬ್ಬಿಣದ ಭಾರವು ಓರೆಯಾದ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ತಿಂಗಳುಗಟ್ಟಲೆಯ ಆಹಾರ, ನೀರು, ಉಪಕರಣಗಳನ್ನು ಹೇರಿದರೂ ಇಂಥ ದೋಣಿ ಕುಗ್ಗುವುದಿಲ್ಲ. ಜೋಷುವಾ ಸ್ಲೋಕಂ ಎಂಬ ನಾವಿಕನು ಹಾಳುಬಿದ್ದಿದ್ದ ಹಳೆಯ ದೋಣಿಯೊಂದನ್ನು ತನ್ನ ಕೈಯಾರೆ ಮತ್ತೆ ಕಟ್ಟಿ, 1895ರಿಂದ 1898ರವರೆಗೆ ಏಕಾಂಗಿಯಾಗಿ ಭೂಮಂಡಲವನ್ನು ಸುತ್ತಿಬಂದನು. ‘ಸ್ಪ್ರೇ’ ಎಂಬ ಆ ದೋಣಿ 37 ಅಡಿಗೂ ಕಿರಿದು.

ಈ ಪಕ್ಷಕ್ಕೆ ಇನ್ನೂ ಬಲವಾದ ನಿದರ್ಶನ ‘ಸುಹೇಲಿ’. 32 ಅಡಿ ಉದ್ದದ, ತೇಗದ ಮರದ ಈ ದೋಣಿಯನ್ನು ಕಟ್ಟಿದವರು ಮುಂಬಯಿಯ ಬಡಗಿಗಳೆಂಬುದು ಭಾರತೀಯರು ನೆನೆಯಬೇಕಾದ ಸಂಗತಿ. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಹೊರಟ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರು, ಎಲ್ಲಿಯೂ ನಿಲ್ಲದೆ 312 ದಿನಗಳಲ್ಲಿ ಜಗತ್ತನ್ನು ಸುತ್ತಿ 1969ರ ಏಪ್ರಿಲ್ 22ರಂದು ಹಿಂದಿರುಗಿದರು. ಆ ಸ್ಪರ್ಧೆಯಲ್ಲಿ ಒಂಬತ್ತು ಮಂದಿ ಹೊರಟಿದ್ದರು. ಗುರಿ ಮುಟ್ಟಿದವರು ಅವರೊಬ್ಬರೇ.

ಎರಡನೆಯ ಪಕ್ಷದವರು ಇದನ್ನು ಒಪ್ಪರು. ಭಾರವೇ ರಕ್ಷೆಯೆಂಬುದು ಹಳೆಯ ಕಾಲದ ಭ್ರಮೆ, ವೇಗವೇ ನಿಜವಾದ ರಕ್ಷೆ ಎಂಬುದು ಅವರ ವಾದ. ಬೇಗ ದಾಟುವವನು ಹವೆ ಕೆಡುವ ಮೊದಲೇ ಸುರಕ್ಷಿತ ಸ್ಥಳವನ್ನು ಸೇರಬಲ್ಲನು. ಅವನಿಗೆ ಬೇಕಾದ ಆಹಾರವೂ ಕಡಿಮೆ. ಕಿರಿದಾದ, ಆಳವಾದ ಕೀಲ್ ಉಳ್ಳ ಹಗುರವಾದ ದೋಣಿಯು ಎದುರುಗಾಳಿಯಲ್ಲಿಯೂ ಚುರುಕಾಗಿ ಮುನ್ನಡೆದು ಅಪಾಯದ ದಡದಿಂದ ದೂರ ಸರಿಯಬಲ್ಲದು. ಎರಡು ಒಡಲುಗಳನ್ನು ಜೋಡಿಸಿದ ಕ್ಯಾಟಮರಾನ್, ಮೂರು ಒಡಲುಗಳ ಟ್ರೈಮರಾನ್ ಇವು ಈ ಪಕ್ಷದವರಲ್ಲಿ ಹಲವರಿಗೆ ಪ್ರಿಯವಾದವು. ‘ಕ್ಯಾಟಮರಾನ್’ ಎಂಬ ಶಬ್ದಕ್ಕೆ ಮೂಲ ತಮಿಳಿನ ‘ಕಟ್ಟುಮರಂ’. ‘ಕಟ್ಟು’, ‘ಮರ’ ಎಂಬ ಎರಡು ಪದಗಳೂ ಕನ್ನಡಿಗರಿಗೆ ಅಪರಿಚಿತವಲ್ಲ. ಇಂಥ ದೋಣಿಗಳು ಹೆಚ್ಚು ಓರೆಯಾಗವು, ವೇಗವೋ ಅಪಾರ. 2017ರಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಜುವಾಯೋಂ ಅವರ ತಂಡವು ಟ್ರೈಮರಾನೊಂದರಲ್ಲಿ 41 ದಿನಗಳೊಳಗೆ ಭೂಪ್ರದಕ್ಷಿಣೆಯನ್ನು ಮುಗಿಸಿತು.

ಆದರೆ ಎರಡು ಪಕ್ಷಗಳಿಗೂ ಸಮುದ್ರವು ಉತ್ತರ ಕೊಟ್ಟಿದೆ. ‘ಸುಹೇಲಿ’ ಗೆದ್ದ ಸ್ಪರ್ಧೆಯಲ್ಲಿಯೇ ನೈಜೆಲ್ ಟೆಟ್ಲಿ ಅವರ ಟ್ರೈಮರಾನ್, ಕಠಿಣವಾದ ದಕ್ಷಿಣ ಸಮುದ್ರವನ್ನು ದಾಟಿ ಬಂದ ಮೇಲೆ, ಗುರಿ ಸಮೀಪಿಸುತ್ತಿರುವಾಗ 1969ರ ಮೇ ತಿಂಗಳಲ್ಲಿ ಒಡೆದು ಮುಳುಗಿತು. ಒಮ್ಮೆ ಮಗುಚಿದ ಬಹು ಒಡಲಿನ ದೋಣಿ ತಾನಾಗಿ ಎದ್ದು ನಿಲ್ಲಲಾರದೆಂಬುದೂ ದೊಡ್ಡ ಆಕ್ಷೇಪವೇ. ಅದಕ್ಕೆ ಪ್ರತಿಯಾಗಿ 1989ರ ‘ರೋಸ್-ನೊಯೆಲ್’ ಪ್ರಸಂಗವನ್ನು ಹೇಳುವುದುಂಟು. ಪೆಸಿಫಿಕ್ ಸಾಗರದಲ್ಲಿ ತಲೆಕೆಳಗಾದ ಆ ಟ್ರೈಮರಾನ್ ಮುಳುಗದೆ ತೇಲಿದ್ದರಿಂದ, ಅದರಲ್ಲಿದ್ದ ನಾಲ್ವರೂ 119 ದಿನಗಳ ತರುವಾಯ ನ್ಯೂಜಿಲೆಂಡಿನ ದ್ವೀಪವೊಂದರಲ್ಲಿ ಜೀವಂತವಾಗಿ ದಡ ಸೇರಿದರು. ಇತ್ತ ಭಾರವಾದ ದೋಣಿಗಳೂ ಸೋತದ್ದುಂಟು. ‘ಸುಹೇಲಿ’ಯ ಮಾದರಿಯಲ್ಲಿಯೇ ಗೋವೆಯಲ್ಲಿ ಕಟ್ಟಿದ ‘ತುರಿಯಾ’ ದೋಣಿಯಲ್ಲಿ ಹೊರಟ ಭಾರತೀಯ ನೌಕಾಪಡೆಯ ಅಭಿಲಾಷ್ ಟಾಮಿ ಅವರು, 2018ರ ಸೆಪ್ಟೆಂಬರಿನಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿದರು. ಹಾಯಿಕಂಬಗಳು ಮುರಿದುಬಿದ್ದವು, ಅವರ ಬೆನ್ನುಮೂಳೆಗೆ ತೀವ್ರವಾದ ಪೆಟ್ಟಾಯಿತು, ಫ್ರಾನ್ಸಿನ ನೌಕೆಯೊಂದು ಬಂದು ರಕ್ಷಿಸಬೇಕಾಯಿತು. ಒಂದೇ ಮಾದರಿಯ ಎರಡು ದೋಣಿಗಳಲ್ಲಿ ಒಂದು ಗೆದ್ದಿತು, ಇನ್ನೊಂದು ಸೋತಿತು. ದೋಣಿಯ ಆಕಾರವೊಂದೇ ಪ್ರಾಣರಕ್ಷಕವಾಗಲಾರದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

1979ರ ಆಗಸ್ಟಿನಲ್ಲಿ ಇಂಗ್ಲೆಂಡ್ ಮತ್ತು ಐರ್ಲೆಂಡ್‌ಗಳ ನಡುವಿನ ಸಮುದ್ರದಲ್ಲಿ ನಡೆದ ಫಾಸ್ಟ್‌ನೆಟ್ ಸ್ಪರ್ಧೆ ಇನ್ನೊಂದು ಪಾಠವನ್ನು ಕಲಿಸಿತು. ಬಿರುಗಾಳಿಗೆ 303 ದೋಣಿಗಳು ಸಿಕ್ಕಿ, ಸ್ಪರ್ಧಿಗಳಲ್ಲಿ 15 ಮಂದಿ ಅಸುನೀಗಿದರು. ಹಗುರವಾದ, ಅಗಲವಾದ ದೋಣಿಗಳ ಮೇಲೆ ಆಗ ಟೀಕೆಗಳ ಮಳೆಯೇ ಸುರಿಯಿತು. ಆದರೆ ನಾವಿಕರು ತೊರೆದುಹೋದ 24 ದೋಣಿಗಳಲ್ಲಿ ಮುಳುಗಿದವು ಐದೇ. ಉಳಿದವು ತೇಲುತ್ತಲೇ ಇದ್ದವು. ಕಟ್ಟಡ ಗಟ್ಟಿಯಾಗಿರುವ ದೋಣಿಯನ್ನು ಅವಸರದಲ್ಲಿ ಬಿಡಬಾರದೆಂಬ ವಿವೇಕ ಅಂದಿನಿಂದ ನಾವಿಕರಲ್ಲಿ ಬಲವಾಯಿತು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಸಿದ್ಧಾಂತವು ಸ್ಪಷ್ಟವಾಗುತ್ತದೆ. ದೂರಯಾನದ ದೋಣಿಗೆ ಮೊದಲನೆಯ ಲಕ್ಷಣ, ಅದರಲ್ಲಿರುವವರು ತಮ್ಮ ಕೈಯಿಂದಲೇ ಅದನ್ನು ಸರಿಪಡಿಸಿಕೊಳ್ಳಲು ಸಾಧ್ಯವಾಗಿರುವುದು. ನಡುಗಡಲಿನಲ್ಲಿ ಕಮ್ಮಾರನಿಲ್ಲ, ಬಡಗಿಯಿಲ್ಲ. ‘ಸುಹೇಲಿ’ಯ ಸಂದಿನಿಂದ ನೀರು ಒಸರಿದಾಗ ನಾಕ್ಸ್-ಜಾನ್‌ಸ್ಟನ್ ಅವರು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿ ಅದನ್ನು ಮುಚ್ಚಿದರು, ತಾನಾಗಿ ಚುಕ್ಕಾಣಿ ನಡೆಸುವ ಸಾಧನ ಮುರಿದಾಗ ಹಾಯಿಗಳನ್ನೇ ಹೊಂದಿಸಿ ದೋಣಿಯನ್ನು ದಾರಿಯಲ್ಲಿಟ್ಟರು. ದೋಣಿಯು ಸರಳವಾಗಿದ್ದುದರಿಂದ ಇದು ಸಾಧ್ಯವಾಯಿತು. ಎರಡನೆಯದು, ಮಗುಚಿದರೂ ಎದ್ದು ನಿಲ್ಲುವ ಗುಣ. ಮೂರನೆಯದು, ಹೊರೆಯನ್ನು ಹೊರುವ ಸಾಮರ್ಥ್ಯ. ವೇಗಕ್ಕೆ ಇವುಗಳ ಅನಂತರದ ಸ್ಥಾನ. ನುರಿತ ತಂಡವೂ ದಡದ ಹವಾಮಾನ ತಜ್ಞರ ನೆರವೂ ಉಳ್ಳವರಿಗೆ ಹಗುರವಾದ ಬಹು ಒಡಲಿನ ದೋಣಿ ಶೋಭಿಸೀತು. ಒಬ್ಬಿಬ್ಬರೇ ಹೋಗುವವರಿಗೆ, ಹಣಬಲ ಮಿತವಾಗಿರುವವರಿಗೆ, ಸಾಧಾರಣ ತೂಕದ ಗಟ್ಟಿಯಾದ ಒಂಟಿ ಒಡಲಿನ ದೋಣಿಯೇ ಶ್ರೇಯಸ್ಕರ.

ಅಭಿಲಾಷ್ ಟಾಮಿ ಅವರ ಕಥೆ ಆ ಪೆಟ್ಟಿನೊಂದಿಗೆ ಮುಗಿಯಲಿಲ್ಲ. ಶಸ್ತ್ರಚಿಕಿತ್ಸೆಯ ತರುವಾಯ ಚೇತರಿಸಿಕೊಂಡ ಅವರು 2022ರಲ್ಲಿ ಅದೇ ಸ್ಪರ್ಧೆಗೆ ಮರಳಿದರು. ಈ ಬಾರಿ ಅವರು ಆರಿಸಿಕೊಂಡದ್ದು 36 ಅಡಿಯ, ಉದ್ದ ಕೀಲಿನ, ಹಳೆಯ ವಿನ್ಯಾಸದ ದೋಣಿ. ಗಾಳಿಯಿಂದ ನಡೆಯುವ ಚುಕ್ಕಾಣಿ ಸಾಧನ ಕೆಟ್ಟಾಗ ದೋಣಿಯೊಳಗಿನ ಬಾಗಿಲಿನ ಹಲಗೆಯನ್ನೂ ಬಳಸಿ ದುರಸ್ತಿ ಮಾಡಿಕೊಂಡರು. 2023ರ ಏಪ್ರಿಲ್ 29ರಂದು ಎರಡನೆಯವರಾಗಿ ಗುರಿ ಮುಟ್ಟಿದರು. ಯಾವ ದೋಣಿ ಶ್ರೇಷ್ಠವೆಂದು ಕೇಳುವವನು, ಆ ದೋಣಿಯಲ್ಲಿ ಮುರಿಯಬಹುದಾದ ಪ್ರತಿಯೊಂದನ್ನೂ ತಾನು ಕಟ್ಟಬಲ್ಲೆನೇ ಎಂದು ಮೊದಲು ಕೇಳಿಕೊಳ್ಳಲಿ. ಹೌದೆಂಬ ಉತ್ತರ ಬಂದ ಮೇಲೆ ಲಂಗರೆತ್ತಲಿ.