ರೂಟರಿಗೆ ದಾರಿ ತಿಳಿಯುವುದು ಹೇಗೆ?

ಯಲಹಂಕದಿಂದ ಯಶವಂತಪುರಕ್ಕೆ ಹೊರಟವರು ಹೆಬ್ಬಾಳಕ್ಕೆ ಬಂದು ವರ್ತುಲ ರಸ್ತೆ ಹಿಡಿಯಬಹುದು, ಇಲ್ಲವೇ ಎಂ.ಎಸ್. ಪಾಳ್ಯ, ಗಂಗಮ್ಮ ವೃತ್ತದ ಕಡೆಯಿಂದ ಹೋಗಬಹುದು. ಹೆಬ್ಬಾಳದ ರಸ್ತೆ ಮುಚ್ಚಿದ್ದರೆ ಚಾಲಕ ಎರಡನೆಯ ದಾರಿ ಹಿಡಿಯುತ್ತಾನೆ. ಕಂಪ್ಯೂಟರ್ ಜಾಲದಲ್ಲಿ ಮಾಹಿತಿಗೆ ಹೀಗೆ ದಾರಿ ತೋರಿಸುವ ಯಂತ್ರವೇ ರೂಟರ್.

1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯಲ್ಲಿ ಯಶವಂತಪುರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎಂಟು ಸಂಸ್ಥೆಗಳಿದ್ದವು. ಅಷ್ಟು ಚಿಕ್ಕ ಬಳಗದ ದಾರಿಗಳನ್ನು ಕೈಯಾರೆ ಬರೆದಿಡಬಹುದು. ಸಾವಿರಾರು ಜಾಲಗಳು ಕೂಡಿಕೊಂಡಾಗ ಅದು ಆಗದ ಮಾತು. ಆಗ ರೂಟರುಗಳೇ ಪರಸ್ಪರ ಸುದ್ದಿ ಹೇಳಿಕೊಂಡು ದಾರಿ ಕಂಡುಕೊಳ್ಳಬೇಕು. ಈ ಮಾತುಕತೆಯ ನಿಯಮಾವಳಿಯೇ ಡೈನಮಿಕ್ ರೂಟಿಂಗ್ ಪ್ರೋಟೊಕಾಲ್.

ಯಲಹಂಕ, ಹೆಬ್ಬಾಳ, ಯಶವಂತಪುರ ಎಂಬ ಮೂರು ರೂಟರುಗಳಿವೆ ಎಂದಿಟ್ಟುಕೊಳ್ಳೋಣ. ಯಲಹಂಕದಿಂದ ಯಶವಂತಪುರಕ್ಕೆ ನೇರ ಸಂಪರ್ಕ 10 ಮೆಗಾಬಿಟ್ ವೇಗದ್ದು. ಹೆಬ್ಬಾಳದ ಮೂಲಕ ಹೋಗುವ ಎರಡೂ ಸಂಪರ್ಕಗಳು 100 ಮೆಗಾಬಿಟ್ ವೇಗದವು. 1988ರಲ್ಲಿ ಪ್ರಮಾಣಿತವಾದ 'ರಿಪ್' ನಡುವಿನ ನಿಲ್ದಾಣಗಳನ್ನಷ್ಟೇ ಎಣಿಸುವುದರಿಂದ ನಿಧಾನದ ನೇರ ದಾರಿಯನ್ನೇ ಆರಿಸುತ್ತದೆ. 'ಓಎಸ್‌ಪಿಎಫ್' ವೇಗವನ್ನು ನೋಡುತ್ತದೆ. ಸಿಸ್ಕೊ ರೂಟರುಗಳ ಮೂಲ ಲೆಕ್ಕದಂತೆ ನೇರ ಸಂಪರ್ಕದ ವೆಚ್ಚ 10. ಹೆಬ್ಬಾಳದ ಎರಡು ಸಂಪರ್ಕಗಳದು ಸೇರಿ ಬರೀ 2. ಆದ್ದರಿಂದ ಅದು ಹೆಬ್ಬಾಳವನ್ನೇ ಆರಿಸುತ್ತದೆ.

ಸಂರಚನೆಯಲ್ಲಿ ಆದೇಶಗಳು ಕೆಲವೇ. ಓಎಸ್‌ಪಿಎಫ್ ಆರಂಭಿಸಿ, ಪ್ರತಿ ರೂಟರಿಗೂ ಅದಕ್ಕೆ ಸೇರಿದ ಜಾಲಗಳನ್ನೂ ಅವುಗಳ ಏರಿಯಾ ಸಂಖ್ಯೆಯನ್ನೂ ತಿಳಿಸಬೇಕು. ಒಂದೇ ತಂತಿಯ ಎರಡು ತುದಿಗಳಲ್ಲಿ ಏರಿಯಾ ಸಂಖ್ಯೆ ಬೇರೆಯಾದರೆ, ಇಲ್ಲವೇ 'ಹಲೋ' ಸಂದೇಶದ ಅವಧಿ ಬೇರೆಯಾದರೆ, ನೆರೆಹೊರೆ ಏರ್ಪಡುವುದೇ ಇಲ್ಲ. ಈಥರ್ನೆಟ್‌ನಲ್ಲಿ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಹಲೋ ಹೋಗುತ್ತದೆ. 40 ಸೆಕೆಂಡು ಸದ್ದಿಲ್ಲದಿದ್ದರೆ ನೆರೆಯವನು ಇಲ್ಲವೆಂದೇ ಲೆಕ್ಕ.

ರೂಟರ್ ಸಾಮಾನ್ಯವಾಗಿ ನೆರೆಯವನ ಮಾತನ್ನು ನಂಬುತ್ತದೆ. ಅಪಾಯ ಇರುವುದೂ ಅಲ್ಲಿಯೇ. ದೊಡ್ಡ ಜಾಲಗಳ ನಡುವೆ ಬಳಕೆಯಾಗುವ ಪ್ರೋಟೊಕಾಲ್ 'ಬಿಜಿಪಿ'. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೊರಟು ಕೊಟ್ಟ ದಾರಿಯ ಸುದ್ದಿ ಗಡಿ ದಾಟಿತು. ಬೇರೆ ದೇಶಗಳ ರೂಟರುಗಳೂ ಅದನ್ನು ನಂಬಿದವು. ಸುಮಾರು ಎರಡು ಗಂಟೆ ಕಾಲ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ.

ಆದ್ದರಿಂದ ಆದೇಶಗಳ ಬಾಯಿಪಾಠ ಸಾಲದು. ನೆರೆಯವರ ಪಟ್ಟಿ ನೋಡಬೇಕು, ದಾರಿಗಳ ಪಟ್ಟಿ ನೋಡಬೇಕು, ಬೇಕೆಂದೇ ಒಂದು ತಂತಿ ಕಿತ್ತು ಮಾಹಿತಿ ಇನ್ನೊಂದು ದಾರಿ ಹಿಡಿಯಿತೇ ಎಂದು ಪರೀಕ್ಷಿಸಬೇಕು. ಇದಕ್ಕೆ ದುಬಾರಿ ರೂಟರ್ ಕೊಳ್ಳಬೇಕಿಲ್ಲ. ಲಿನಕ್ಸ್ ಇರುವ ಸಾಧಾರಣ ಕಂಪ್ಯೂಟರಿನಲ್ಲಿ ಎಫ್‌ಆರ್‌ರೂಟಿಂಗ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಮೂರೂ ರೂಟರುಗಳನ್ನು ಮನೆಯಲ್ಲೇ ಕಟ್ಟಬಹುದು. ತರಬೇತಿ ಕೇಂದ್ರಕ್ಕೆ ಶುಲ್ಕ ಕಟ್ಟುವ ಮುನ್ನ ತಂದೆತಾಯಿಗಳು ಒಂದು ಪ್ರಶ್ನೆ ಕೇಳಬೇಕು: ಇಲ್ಲಿ ಮಕ್ಕಳ ಕೈಯಲ್ಲಿ ತಂತಿ ಕೀಳಿಸುತ್ತೀರಾ, ಬರೀ ಆದೇಶ ಬರೆಸುತ್ತೀರಾ?