ಮೈ ಗಟ್ಟಿಯಾಗಲು ಮೂಲಸೂತ್ರ ಸಾಕೇ?

ಗದ್ದೆ ಉಳುವುದು, ಗುಡ್ಡೆಯಿಂದ ಸೊಪ್ಪು ಹೊರುವುದು, ಅಡಿಕೆ ಮರ ಹತ್ತುವುದು, ಶಾಲೆಗೆ ಮೈಲುಗಟ್ಟಲೆ ನಡೆಯುವುದು. ಪುತ್ತೂರು, ಸುಳ್ಯ, ಕಡಬದ ಕಡೆ ಎರಡು ತಲೆಮಾರಿನ ಹಿಂದೆ ವ್ಯಾಯಾಮವೆಂದು ಬೇರೆಯಾಗಿ ಏನನ್ನೂ ಮಾಡಬೇಕಾಗಿರಲಿಲ್ಲ. ಈಗ ಎಷ್ಟೋ ಗದ್ದೆಗಳು ಅಡಿಕೆ ತೋಟವಾಗಿವೆ, ತೋಟಕ್ಕೆ ಆಳು ಬರುತ್ತಾರೆ, ಗೇಟಿನಿಂದ ಅಂಗಡಿಗೆ ಹೋಗಲೂ ಸ್ಕೂಟರ್ ಬೇಕು. 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬೇಕಾದಷ್ಟು ಮೈ ಆಡಿಸುತ್ತಿರಲಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೇಳುತ್ತದೆ. ಹೀಗಾಗಿ ಪೇಟೆಗಳಲ್ಲಿ ಜಿಮ್ ಬಂದಿದೆ, ಕೈಗೆ ಹೆಜ್ಜೆ ಎಣಿಸುವ ವಾಚ್ ಬಂದಿದೆ, ಪ್ರೋಟೀನ್ ಡಬ್ಬಿ ಬಂದಿದೆ, ಅವುಗಳ ಜೊತೆಗೆ ಸಲಹೆಗಳ ಮಳೆಯೂ ಬಂದಿದೆ. ಈ ಸಲಹೆಗಳಲ್ಲಿ ಎಷ್ಟನ್ನು ತಲೆಗೆ ಹಾಕಿಕೊಳ್ಳಬೇಕು? ನಾಲ್ಕು ಮೂಲಸೂತ್ರ ಹಿಡಿದು ಸಣ್ಣಪುಟ್ಟ ವಿವರಗಳನ್ನು ಬಿಟ್ಟುಬಿಡಬಹುದೇ? ಬಿಡಬೇಕು ಎನ್ನುವವರ ಮತ್ತು ಬಿಡಬಾರದು ಎನ್ನುವವರ ವಾದ ಇಲ್ಲಿದೆ.

ಪರ: ನಾಲ್ಕನ್ನು ಹಿಡಿಯಿರಿ, ಉಳಿದದ್ದು ಆಮೇಲೆ

ಜಿಮ್ ಸೇರಿದ ಹುಡುಗ ಮೊದಲ ವಾರವೇ ಕೇಳುವ ಪ್ರಶ್ನೆ, "ಅಣ್ಣಾ, ಪ್ರೋಟೀನ್ ಕುಡಿಯುವುದು ಮೊದಲೋ, ಆಮೇಲೋ?" ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀ, ವಾರಕ್ಕೆ ಎಷ್ಟು ದಿನ ಬರುತ್ತೀ ಎಂದು ಅವನನ್ನು ಯಾರೂ ಕೇಳುವುದಿಲ್ಲ, ಅವನೂ ಯೋಚಿಸುವುದಿಲ್ಲ. ಎರಡನೇ ತಿಂಗಳಿಗೆ ಅವನು ಜಿಮ್ಮಿನಲ್ಲಿ ಕಾಣುವುದಿಲ್ಲ, ಡಬ್ಬಿ ಅಟ್ಟದ ಮೇಲಿರುತ್ತದೆ.

ಮೈ ಗಟ್ಟಿಯಾಗಲು ಬೇಕಾದದ್ದು ನಾಲ್ಕೇ: ತಪ್ಪದೆ ಮೈ ಆಡಿಸುವುದು, ಭಾರವನ್ನು ನಿಧಾನವಾಗಿ ಏರಿಸುವುದು, ಸಾಕಷ್ಟು ಪ್ರೋಟೀನ್ ಇರುವ ಊಟ, ನಿದ್ದೆ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ಇಷ್ಟೇ. ಭಾರ ಏರಿಸುವ ಸೂತ್ರವೂ ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಸೈನಿಕರ ಕಾಲಿಗೆ ಬಲ ತರಲು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಹಂತಹಂತವಾಗಿ ತೂಕ ಹೆಚ್ಚಿಸುವ ಕ್ರಮವನ್ನು ಬಳಸಿದ. ಆಮೇಲೆ ಬಂದ ನೂರು ಬಗೆಯ ತರಬೇತಿಯ ಒಳಗೂ ಇರುವುದು ಅದೇ.

ಇನ್ನು ಪ್ರೋಟೀನ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ನಿಗದಿ ಮಾಡಿದ ಪ್ರಕಾರ ಸಾಮಾನ್ಯ ವಯಸ್ಕರಿಗೆ ದಿನಕ್ಕೆ ದೇಹತೂಕದ ಕಿಲೋ ಒಂದಕ್ಕೆ 0.83 ಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ 50 ಗ್ರಾಂ. ಭಾರ ಎತ್ತುವವರಿಗೆ ಹೆಚ್ಚು ಬೇಕು. ಕಿಲೋಗೆ 1.6 ಗ್ರಾಂ ದಾಟಿದ ಮೇಲೆ ಸ್ನಾಯು ಬೆಳೆಯಲು ಹೆಚ್ಚಿನ ಲಾಭ ಕಾಣಲಿಲ್ಲ ಎಂದು 2018ರ ದೊಡ್ಡ ವಿಶ್ಲೇಷಣೆಯೊಂದು ತೋರಿಸಿತು. ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಪ್ರಯೋಜನವಿಲ್ಲ ಎಂಬ ಮಾತಿನ ಗತಿಯೇನು? 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ದಿನದ ಒಟ್ಟು ಪ್ರೋಟೀನನ್ನು ಲೆಕ್ಕಕ್ಕೆ ತೆಗೆದುಕೊಂಡೊಡನೆ ಹೊತ್ತಿನ ಮಹಿಮೆ ಕರಗಿಹೋಯಿತು. ಲೆಕ್ಕಕ್ಕೆ ಬಂದದ್ದು ದಿನದ ಮೊತ್ತ. ಆ ಮೊತ್ತ ನಮ್ಮ ಅಡುಗೆಮನೆಯಲ್ಲೇ ಇದೆ. ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತು ಗ್ರಾಂಗಿಂತ ಹೆಚ್ಚು, ನೂರು ಗ್ರಾಂ ಬಂಗುಡೆಯಲ್ಲಿ ಸುಮಾರು ಅಷ್ಟೇ, ಒಂದು ಮೊಟ್ಟೆಯಲ್ಲಿ ಆರು. ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ಮಾತ್ರ ನೆಂಚಿಕೊಳ್ಳುವ ಬದಲು ಹುರುಳಿ ಚಟ್ನಿಯೋ ಹೆಸರಿನ ಪಲ್ಯವೋ ಎರಡು ತುಂಡು ಮೀನೋ ಸೇರಿದರೆ ಅರ್ಧ ದಾರಿ ಸಾಗಿದಂತೆ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕೆಂಬ ಕತೆಯೂ ಹೀಗೆಯೇ. ಈ ಸಂಖ್ಯೆ ಪ್ರಯೋಗಾಲಯದಿಂದ ಬಂದದ್ದಲ್ಲ, 1965ರ ಹೊತ್ತಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು. 2019ರಲ್ಲಿ ಅಮೆರಿಕದ ವಯಸ್ಸಾದ ಮಹಿಳೆಯರ ಬಗ್ಗೆ ಪ್ರಕಟವಾದ ಅಧ್ಯಯನದಲ್ಲಿ 4,400 ಹೆಜ್ಜೆ ನಡೆಯುವವರಿಗೇ ಲಾಭ ಕಂಡಿತು, 7,500ರ ಸುಮಾರಿಗೆ ಆ ಲಾಭ ಸಮವಾಯಿತು. ವಾಚು 9,200 ತೋರಿಸಿತೆಂದು ರಾತ್ರಿ ಅಂಗಳದಲ್ಲಿ ಸುತ್ತು ಹಾಕುವವರು ಇದನ್ನು ತಿಳಿದರೆ ನೆಮ್ಮದಿಯಿಂದ ಮಲಗಿಯಾರು.

ನಮ್ಮೂರಿನ ನಿಜವಾದ ತೊಡಕು ಬೇರೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಬೇಸಿಗೆಯಲ್ಲಿ ಶುರುವಾದ ನಡಿಗೆ ಆಟಿ ತಿಂಗಳಲ್ಲಿ ನಿಂತುಹೋಗಿ ಚಂಪಾಷಷ್ಠಿಯ ಹೊತ್ತಿಗೆ ಮತ್ತೆ ನೆನಪಾಗುತ್ತದೆ. ವರ್ಷದ ಮೂರನೇ ಒಂದು ಪಾಲು ಹೀಗೆ ಹೋದ ಮೇಲೆ ಯಾವ ಶೂ, ಯಾವ ಯಂತ್ರ ಎಂಬ ಚರ್ಚೆಯಿಂದ ಏನು ಬಂತು? ಮಳೆಗಾಲದಲ್ಲಿ ಜಗಲಿಯ ಮೇಲೆ ಇಪ್ಪತ್ತು ನಿಮಿಷ ದಂಡ, ಬಸ್ಕಿ, ಸೂರ್ಯನಮಸ್ಕಾರ ಮಾಡುವವನು ಮುಂದಿನ ಬೇಸಿಗೆಗೆ ಎಲ್ಲರಿಗಿಂತ ಮುಂದಿರುತ್ತಾನೆ. ನಿದ್ದೆಯದ್ದೂ ಅದೇ ಪಾಡು. ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯ ಮುಗಿಯುವಾಗ ಬೆಳಗಾಗುತ್ತದೆ. 60 ಕಿಲೋ ವಿಭಾಗಕ್ಕೆ ಇಳಿಯಬೇಕೆಂದು ಹಿಂದಿನ ದಿನ ಉಪವಾಸ ಬಿದ್ದು, ನೀರೂ ಕುಡಿಯದೆ ತೂಕದ ಯಂತ್ರ ಹತ್ತಿ, ನಿದ್ದೆಗೆಟ್ಟು ಆಡುವ ಹುಡುಗರಿದ್ದಾರೆ. ಅವರಿಗೆ ಸಪ್ಲಿಮೆಂಟಿನ ಹೆಸರು ಹೇಳಿಕೊಡುವುದು ಕ್ರೂರ ತಮಾಷೆ.

ವಿವರಗಳ ಹಿಂದೆ ವ್ಯಾಪಾರವಿದೆ. ಹುರುಳಿ ತಿನ್ನಿ, ಬೇಗ ಮಲಗಿ ಎಂಬ ಮಾತನ್ನು ಯಾರೂ ಡಬ್ಬಿಯಲ್ಲಿ ತುಂಬಿ ಮಾರಲಾರರು. ಮಾರಲು ಆಗದ ಈ ನಾಲ್ಕು ಮಾತುಗಳಿಂದಲೇ ಫಲದ ಬಹುಪಾಲು ಬರುತ್ತದೆ.

ವಿರೋಧ: ಸೂತ್ರ ಒಂದೇ ಇರಬಹುದು, ಮೈ ಒಂದೇ ಅಲ್ಲ

ಡಬ್ಬಿ, ವಾಚುಗಳ ಬಗ್ಗೆ ನಮಗೂ ಮೋಹವಿಲ್ಲ. ಆದರೆ ಅವನ್ನು ಮುಂದಿಟ್ಟು ವಿವರಗಳೆಲ್ಲ ಹುಸಿ ಎನ್ನುವುದು ಸುಲಭದ ಗೆಲುವು. ಮಾರುಕಟ್ಟೆ ಹುಟ್ಟಿಸಿದ ವಿವರ ಬೇರೆ, ಮೈಯೇ ಕೇಳುವ ವಿವರ ಬೇರೆ.

ಕೊಳೆರೋಗಕ್ಕೆ ಮಳೆಗೆ ಮೊದಲು ಮದ್ದು ಬಿಡಬೇಕು ಎಂಬುದು ಅಡಿಕೆ ಬೆಳೆಗಾರರಿಗೆಲ್ಲ ಗೊತ್ತಿರುವ ಸೂತ್ರ. ಅಷ್ಟು ಗೊತ್ತಿದ್ದರೆ ಸಾಕೇ? ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆ ಕರಗಿಸಿ ಸೇರಿಸಬೇಕು. ದ್ರಾವಣದಲ್ಲಿ ಕತ್ತಿಯ ಅಲಗನ್ನು ಅದ್ದಿ ನೋಡಿದಾಗ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಈ ಪರೀಕ್ಷೆಯನ್ನು ಸಣ್ಣ ವಿವರವೆಂದು ಬಿಟ್ಟವನ ತೋಟದಲ್ಲಿ ಹಿಂಗಾರ, ಕಾಯಿಗಳೇ ಸುಟ್ಟಾವು. ಮೈಯ ವಿಷಯದಲ್ಲೂ ಸೂತ್ರ ಕೆಲಸ ಮಾಡುವುದು ಹೀಗೆ ವಿವರದ ಮೂಲಕವೇ.

ಭಾರ ನಿಧಾನವಾಗಿ ಏರಿಸಿ ಎಂದಿರಿ. ಹೇಗೆ ಎತ್ತಬೇಕು? ಬೆನ್ನು ಬಾಗಿಸಿ ನೆಲದಿಂದ ಭಾರ ಎಳೆಯುವವನು ಸೂತ್ರದಂತೆ ವಾರವಾರವೂ ತೂಕ ಏರಿಸಿದರೆ, ನೋವಿನ ದಿನ ಹತ್ತಿರ ಬರುತ್ತದೆ. ಪಾದ ಎಲ್ಲಿರಬೇಕು, ಉಸಿರು ಯಾವಾಗ ಹಿಡಿಯಬೇಕು, ಸೊಂಟ ಹೇಗೆ ಬಗ್ಗಬೇಕು ಎಂಬುದನ್ನು ಮೊದಲ ದಿನವೇ ತಿದ್ದಬೇಕು. ಹೀಗೆ ತಿದ್ದುವುದು ಈ ಸೀಮೆಗೆ ಹೊಸದಲ್ಲ: ಗರಡಿಯ ವೀರರಾದ ಕೋಟಿ-ಚೆನ್ನಯರ ಕತೆಗೆ ಸೇರಿದ ಪಡುಮಲೆ ಪುತ್ತೂರು ತಾಲ್ಲೂಕಿನಲ್ಲೇ ಇದೆ. ತುಳುನಾಡಿನ ಗರಡಿಗಳು ಇಂದು ಆರಾಧನೆಯ ತಾಣ, ಆದರೆ ಗರಡಿಯ ತಾಲೀಮೆಂದರೆ ಗುರುವಿನ ಕಣ್ಣೆದುರು ಕಲಿಯುವುದು. ವರಸೆ ಒಂದಿಷ್ಟು ತಪ್ಪಿದರೂ ಅಲ್ಲೇ ನಿಲ್ಲಿಸಿ ತಿದ್ದುವ ಆ ಕಣ್ಣು ಇಂದು ಎಷ್ಟು ಕಡೆ ಇದೆ?

ಈ ಸೀಮೆಯ ಮೈಗಳನ್ನೇ ನೋಡಿ. ಪೇಟೆಯ ಬ್ಯಾಂಕಿನಲ್ಲಿ ಕುಳಿತು ಕೆಲಸ ಮಾಡುವವರಿಗೆ ಹೆಚ್ಚು ನಡೆಯಿರಿ ಎಂದರೆ ಸರಿ. ನಸುಕಿನಲ್ಲೇ ಎದ್ದು ಗುಡ್ಡೆಯ ಇಳಿಜಾರಿನಲ್ಲಿ ನೂರಾರು ರಬ್ಬರ್ ಮರ ಟ್ಯಾಪಿಂಗ್ ಮಾಡಿ ಬರುವವರಿಗೆ ಅದೇ ಮಾತು ಹೇಳುತ್ತೀರಾ? ಕಾರ್ಬನ್ ಫೈಬರ್ ದೋಟಿ ಹಿಡಿದು ಗಂಟೆಗಟ್ಟಲೆ ಕತ್ತು ಮೇಲೆತ್ತಿ ಅಡಿಕೆ ಗೊನೆ ಕೊಯ್ಯುವವನಿಗೆ ಬೇಕಾದದ್ದು ಇನ್ನಷ್ಟು ಶ್ರಮವಲ್ಲ, ಕತ್ತು, ಭುಜ, ಸೊಂಟಕ್ಕೆ ತಕ್ಕ ನಾಲ್ಕು ಚಲನೆ ಮತ್ತು ವಿಶ್ರಾಂತಿ. ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಅಡಿಕೆ ಹೆಕ್ಕುವ, ಮೆಟ್ಟುಕತ್ತಿಯ ಮುಂದೆ ದಿನವಿಡೀ ಕೂರುವ ಹೆಂಗಸರ ಮೊಣಕಾಲಿಗೆ ಬಸ್ಕಿಯ ಸೂತ್ರ ಅಳೆದು ನೋಡದೆ ಹಾಕುವಂಥದ್ದಲ್ಲ. ಎಲ್ಲರಿಗೂ ಒಂದೇ ನಾಲ್ಕು ಮಾತು ಎನ್ನುವಾಗ ಮನಸ್ಸಿನಲ್ಲಿರುವುದು ಕುರ್ಚಿಯಲ್ಲಿ ಕೂರುವವರ ಮೈ ಮಾತ್ರ.

ಊಟದ ಹೊತ್ತು ಮುಖ್ಯವಲ್ಲ ಎಂದಿರಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬೆಳಗ್ಗೆ ಬಿರುಸಾಗಿ ನಡೆದರೆ ರಕ್ತದ ಸಕ್ಕರೆ ಕುಸಿದು ತಲೆ ಸುತ್ತಿ ಬೀಳಬಹುದು. ಅವರಿಗೆ ಊಟ, ಔಷಧ, ನಡಿಗೆ ಇವುಗಳ ಹೊತ್ತೇ ಮೊದಲ ಸೂತ್ರ. ಸಕ್ಕರೆ ಕಾಯಿಲೆ ಇರುವವರು ಬರಿಗಾಲಿನಲ್ಲಿ ತೋಟ ಸುತ್ತಿದರೆ ಪಾದದ ಗಾಯ ಗೊತ್ತೇ ಆಗದಿರಬಹುದು. ಅಲ್ಲಿ ಚಪ್ಪಲಿಯೂ ಸಣ್ಣ ವಿವರವಲ್ಲ.

ಕುಕ್ಕೆಯಿಂದ ಕುಮಾರಪರ್ವತ ಹತ್ತುವವರನ್ನು ಕೇಳಿ. ಶಿಖರದ ಎತ್ತರ ಸಮುದ್ರಮಟ್ಟದಿಂದ 1,712 ಮೀಟರ್. ತಿಂಗಳುಗಟ್ಟಲೆ ನಡೆದು ದಮ್ಮು ಕಟ್ಟಿಕೊಂಡವರೂ ದಾರಿ ನಡುವಿನ ಗಿರಿಗದ್ದೆ ದಾಟಿದ ಮೇಲೆ ಬಯಲು ಬಿಸಿಲಿಗೆ ಸುಸ್ತಾಗುತ್ತಾರೆ. ಹತ್ತುವಾಗ ಉಸಿರಿಗೆ ಕೆಲಸ, ಇಳಿಯುವಾಗ ತೊಡೆ, ಮೊಣಕಾಲಿಗೆ. ಎಷ್ಟು ಗಂಟೆಗೆ ಹೊರಟರು, ಎಷ್ಟು ನೀರು ಹೊತ್ತರು, ಶೂ ಅಡಿ ಜಾರುತ್ತದೆಯೇ, ಇಳಿಜಾರಿನ ಅಭ್ಯಾಸ ಮಾಡಿದ್ದರೇ ಎಂಬುದರ ಮೇಲೆ ಆ ದಿನ ನಿಂತಿದೆ.

ಸ್ಪರ್ಧೆಗೆ ಬಂದರಂತೂ ಮಾತೇ ಬೇಡ. ಕುಂದಾಪುರ ಸೀಮೆಯ ಗುರುರಾಜ ಪೂಜಾರಿ, ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ಭಾರ ಎತ್ತಲು ಕಲಿತವರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಅವರು ಎತ್ತಿದ ಒಟ್ಟು ಭಾರ 249 ಕಿಲೋ, ಕಂಚು ಪಡೆದ ಶ್ರೀಲಂಕಾದ ಸ್ಪರ್ಧಿಯದ್ದು 248. ಬೆಳ್ಳಿಗೂ ಕಂಚಿಗೂ ಅಂತರ ಒಂದೇ ಕಿಲೋ. 2020ರಲ್ಲಿ ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಉಸೇನ್ ಬೋಲ್ಟ್ ಹೆಸರು ಹೇಳಿತು, ಕ್ರೀಡಾ ಪ್ರಾಧಿಕಾರ ಪರೀಕ್ಷೆಗೆ ಕರೆಯಿತು. ಕಂಬಳದ ಓಟಕ್ಕೂ ಟ್ರ್ಯಾಕ್ ಓಟಕ್ಕೂ ವ್ಯತ್ಯಾಸವಿದೆ ಎಂದು ಹೇಳಿ ಅವರೇ ಪರೀಕ್ಷೆಗೆ ಒಪ್ಪಲಿಲ್ಲ. ಒಂದರಲ್ಲಿ ಕೆಸರು, ಕೋಣ, ಹಿಮ್ಮಡಿಯ ಒತ್ತು. ಇನ್ನೊಂದರಲ್ಲಿ ಗಟ್ಟಿ ನೆಲ, ಮುಂಗಾಲು. ಜೋರಾಗಿ ಓಡುವುದು ಎಂಬ ಸೂತ್ರ ಎರಡಕ್ಕೂ ಒಂದೇ ಇರಬಹುದು, ಓಟಗಾರನಿಗೆ ಮಾತ್ರ ಅವೆರಡೂ ಒಂದೇ ಅಲ್ಲವೆಂದು ಗೊತ್ತಿತ್ತು.

ಪರ: ಮರುಮಾತು

ಮದ್ದಿನ ಉದಾಹರಣೆ ಒಪ್ಪಿದೆವು. ಆದರೆ ಕತ್ತಿ ಅದ್ದಿ ನೋಡುವ ಮಾತು ಬರುವುದು ಮದ್ದು ಬಿಡುವವನಿಗೆ. ಜೂನ್ ಕಳೆದರೂ ತೋಟಕ್ಕೆ ಇಳಿಯದವನಿಗೆ ಅದನ್ನು ಹೇಳಿ ಏನು ಪ್ರಯೋಜನ? ನಮ್ಮ ಕಾಳಜಿ ಇರುವುದು ಅವನ ಬಗ್ಗೆ, ಅಂಥವರೇ ಹೆಚ್ಚು. ಗುರುರಾಜ ಪೂಜಾರಿಯವರ ಒಂದು ಕಿಲೋದ ಹಿಂದೆ ವರ್ಷಗಟ್ಟಲೆ ತಪ್ಪದ ತಾಲೀಮು ಇತ್ತು. ಆ ಅಡಿಪಾಯ ಇಲ್ಲದವನು ಅವರ ಕೊನೆಯ ವಾರದ ಊಟದ ಪಟ್ಟಿಯನ್ನು ನಕಲು ಮಾಡಿದರೆ ಸಿಗುವುದು ಹಸಿವು ಮಾತ್ರ.

ಕಾಯಿಲೆ ಇದ್ದವರು ವೈದ್ಯರನ್ನು ಕೇಳಬೇಕು, ಅದರಲ್ಲಿ ಎರಡು ಮಾತಿಲ್ಲ. ದೋಟಿ ಹಿಡಿಯುವವರ, ರಬ್ಬರ್ ಟ್ಯಾಪಿಂಗ್ ಮಾಡುವವರ ವಿಷಯವೂ ನಮಗೆ ಪಾಠವೇ. ನಿದ್ದೆ ಮತ್ತು ವಿಶ್ರಾಂತಿ ನಮ್ಮ ನಾಲ್ಕರಲ್ಲಿ ಒಂದು, ಅವರ ಮಟ್ಟಿಗೆ ಅದು ಮೊದಲು ಬರಲಿ. ನಾಲ್ಕರ ಸರದಿ ಬದಲಾಗಬಹುದು, ನಾಲ್ಕು ನಲವತ್ತಾಗುವುದು ಬೇಡ. ಹೊಸಬನಿಗೆ ಮೊದಲ ದಿನವೇ ನಲವತ್ತು ಎಚ್ಚರಿಕೆ ಹೇಳಿದರೆ ಅವನು ಹೆದರಿ ಮನೆಯಲ್ಲೇ ಕೂರುತ್ತಾನೆ, ಕೂತದ್ದಕ್ಕೆ ಬರುವ ಕಾಯಿಲೆ ನಿಮ್ಮ ಎಚ್ಚರಿಕೆಗಳನ್ನು ಕೇಳಿ ಬರುವುದಿಲ್ಲ.

ವಿರೋಧ: ಮರುಮಾತು

ಹಾಗಾದರೆ ಜಗಳ ಕಿರಿದಾಯಿತು. ಪ್ರೋಟೀನಿನ ಗಳಿಗೆ, ಹೆಜ್ಜೆಯ ಹತ್ತು ಸಾವಿರ, ಶೂವಿನ ಬ್ರ್ಯಾಂಡ್, ಇವನ್ನು ನಾವೂ ಬಿಟ್ಟೆವು. ಬಿಟ್ಟರೆ ಲಾಭ ಸ್ವಲ್ಪ ಕಡಿಮೆಯಾಗುವಂಥ ವಿವರಗಳನ್ನು ಹೊಸಬರು ಮರೆಯಲಿ. ಬಿಟ್ಟರೆ ಪೆಟ್ಟಾಗುವಂಥವನ್ನು ಮಾತ್ರ ನಾವು ಬಿಟ್ಟುಕೊಡಲಾರೆವು: ಭಾರ ಎತ್ತುವ ಭಂಗಿ, ಔಷಧದ ಹೊತ್ತು, ಮೊಣಕಾಲಿನ ಹಳೆಯ ನೋವು, ತೂಕ ಇಳಿಸಲು ನೀರು ಬಿಡುವ ಚಟ. ಇವು ನಲವತ್ತಲ್ಲ, ಎಣಿಸಿದರೆ ಒಂದು ಕೈ ಬೆರಳಷ್ಟು.

ಇವನ್ನು ಆಮೇಲೆ ಹೇಳೋಣ ಎಂಬುದನ್ನೇ ನಾವು ಒಪ್ಪದಿರುವುದು. ಗಾಯಗೊಂಡವನು ಎಲ್ಲರಿಗಿಂತ ಮೊದಲು ಕಳೆದುಕೊಳ್ಳುವುದು ನೀವು ಒಂದನೆಯದೆಂದು ಹೇಳಿದ ಸೂತ್ರವನ್ನೇ, ತಪ್ಪದೆ ಮಾಡುವುದನ್ನು. ಸೊಂಟ ಹಿಡಿದವನಿಗೆ ಆರು ವಾರ ಜಗಲಿಯ ದಂಡವೂ ಇಲ್ಲ, ಬಸ್ಕಿಯೂ ಇಲ್ಲ. ಆದ್ದರಿಂದ ಹೊಸಬರನ್ನು ಸೇರಿಸಿಕೊಳ್ಳುವ ಜಿಮ್ಮಾಗಲಿ, ಶಾಲೆಯ ದೈಹಿಕ ಶಿಕ್ಷಕರಾಗಲಿ, ಊರಿನ ಕಬಡ್ಡಿ ತಂಡವಾಗಲಿ ಮೊದಲ ದಿನ ಎರಡು ಪ್ರಶ್ನೆ ಕೇಳಲಿ: ನೀನು ದಿನವಿಡೀ ಏನು ಕೆಲಸ ಮಾಡುತ್ತೀ? ಮೈಯಲ್ಲಿ ಎಲ್ಲಿ ನೋವಿದೆ? ಉತ್ತರ ಕೇಳಿದ ಮೇಲೆ ನಿಮ್ಮ ನಾಲ್ಕು ಸೂತ್ರಗಳನ್ನು ಧಾರಾಳವಾಗಿ ಹೇಳಿ, ನಮ್ಮ ತಕರಾರಿಲ್ಲ.